ಕೊಟ್ಟರೂ ಸ್ಯಾಂಕ್ಷನ್, ಕಟ್ಟಿಹಾಕಿದರೂ ಸ್ಯಾಂಕ್ಷನ್

2022ರ ಫೆಬ್ರುವರಿಯ ಕೊನೆಯ ದಿನಗಳು. ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿ ಇನ್ನೂ ವಾರವಾಗಿರಲಿಲ್ಲ. ನಮ್ಮ ದೊಡ್ಡಪ್ಪ ಟಿ.ವಿ. ಮುಂದೆ ಕುಳಿತಿದ್ದರು. ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದವರು. ಪರದೆಯ ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಸಾಲನ್ನು ಎರಡು ಸಲ ಓದಿ ನನ್ನತ್ತ ತಿರುಗಿ ಕೇಳಿದರು: “ಅಲ್ಲ ಕಣೋ, ರಷ್ಯಾದ ಬ್ಯಾಂಕುಗಳಿಗೆ ಅಮೆರಿಕದವರು ಯಾಕೆ ಸ್ಯಾಂಕ್ಷನ್ ಮಾಡುತ್ತಾರೆ? ಅವರಿಬ್ಬರಿಗೂ ಆಗಿಬರುವುದಿಲ್ಲವಲ್ಲ?”

ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡಪ್ಪ ಬಲ್ಲ ಸ್ಯಾಂಕ್ಷನ್ ಕೊಡುವ ಕೈಯದು. ಗಳಿಕೆ ರಜೆ ಸ್ಯಾಂಕ್ಷನ್ ಆಗುತ್ತದೆ. ಮಗಳ ಮದುವೆಗೆಂದು ಭವಿಷ್ಯ ನಿಧಿಯಿಂದ ಕೇಳಿದ ಮುಂಗಡ ಸ್ಯಾಂಕ್ಷನ್ ಆಗುತ್ತದೆ. ಊರಿಗೆ ರಸ್ತೆ, ಶಾಲೆಗೆ ಕೊಠಡಿ, ಕೊಟ್ಟಿಗೆ ಕಟ್ಟಲು ಸಾಲ, ಎಲ್ಲವೂ ಸ್ಯಾಂಕ್ಷನ್ ಆಗುತ್ತವೆ. ಇಂಗ್ಲಿಷ್ ಅಕ್ಷರ ಬಾರದ ನಮ್ಮ ಅಜ್ಜಿಯೂ ‘ಪೆನ್ಷನ್ ಸ್ಯಾಂಕ್ಷನ್ ಆಯಿತಂತೆ’ ಎಂದು ಹೇಳಿ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಕರ್ನಾಟಕದಲ್ಲಿ ಈ ಪದ ಕಿವಿಗೆ ಬಿದ್ದರೆ ಮನೆಯಲ್ಲಿ ಸಿಹಿ ಆಗುವುದುಂಟು. ಅದೇ ಪದ ಅಂತರರಾಷ್ಟ್ರೀಯ ಸುದ್ದಿಯಲ್ಲಿ ಬಂದಾಗ ಒಂದು ದೇಶದ ಹಣ ಹೆಪ್ಪುಗಟ್ಟಿರುತ್ತದೆ, ಹಡಗುಗಳು ಬಂದರಿನಲ್ಲಿ ನಿಂತಿರುತ್ತವೆ, ಔಷಧದ ಬೆಲೆ ಏರಿರುತ್ತದೆ.

ನಿಘಂಟು ತೆರೆದರೆ ಎರಡೂ ಅರ್ಥ ಸಿಗುತ್ತವೆ. ಸ್ಯಾಂಕ್ಷನ್ ಎಂಬ ಕ್ರಿಯಾಪದಕ್ಕೆ ಅಧಿಕೃತವಾಗಿ ಒಪ್ಪಿಗೆ ಕೊಡು ಎಂಬುದು ಒಂದು ಅರ್ಥ. ದಂಡನೆಯ ಕ್ರಮ ಹೇರು ಎಂಬುದು ಇನ್ನೊಂದು. ಒಂದೇ ಪದಕ್ಕೆ ಹೀಗೆ ಎದುರುಬದುರು ಅರ್ಥಗಳಿರುವುದು ಭಾಷೆಗಳಲ್ಲಿ ಅಪರೂಪವಲ್ಲ. ಕನ್ನಡದ ‘ಹೆಚ್ಚು’ ನೋಡಿ. ಸಂಬಳ ಹೆಚ್ಚುತ್ತದೆ, ತರಕಾರಿಯನ್ನೂ ಹೆಚ್ಚುತ್ತೇವೆ. ಒಂದು ಬೆಳೆಯುವುದು, ಇನ್ನೊಂದು ತುಂಡಾಗುವುದು. ಬಳೆ ಒಡೆಯಿತು ಎನ್ನಲು ಬಾಯಿ ಬಾರದ ಹೆಂಗಸರು ‘ಬಳೆ ಹೆಚ್ಚಿತು’ ಎನ್ನುತ್ತಾರೆ. ಇಂಥವನ್ನು ಭಾಷೆಯ ಸೋಜಿಗವೆಂದು ಒಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುವವರು ಬಹಳ. ಸ್ಯಾಂಕ್ಷನ್ ಪದವನ್ನೂ ಆ ಪಟ್ಟಿಗೇ ಸೇರಿಸುತ್ತಾರೆ. ಅದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಈ ಪದದ ಎರಡು ಅರ್ಥಗಳು ಒಂದಕ್ಕೊಂದು ವಿರುದ್ಧವಲ್ಲ. ಅವು ಒಂದೇ ಗೋಡೆಯ ಎರಡು ಬದಿಗಳು. ಗೋಡೆ ಎಂಬ ಮಾತನ್ನು ಸುಮ್ಮನೆ ಬಳಸುತ್ತಿಲ್ಲ.

ಪದದ ಬೇರು ಲ್ಯಾಟಿನ್‌ನ ‘ಸಾಂಕಿರೆ’. ಪವಿತ್ರಗೊಳಿಸು, ಯಾರೂ ಮುಟ್ಟಬಾರದಂತೆ ಕಟ್ಟಳೆ ಮಾಡು ಎಂದು ಅದರ ಅರ್ಥ. ಸಂತನಿಗೆ ಇಂಗ್ಲಿಷಿನಲ್ಲಿರುವ ‘ಸೇಂಟ್’ ಎಂಬ ಮಾತೂ ಇದೇ ಬೇರಿನಿಂದ ಬಂದದ್ದು. ರೋಮನ್ನರ ಕಾನೂನಿನಲ್ಲಿ ಊರಿನ ಕೋಟೆಗೋಡೆ ಮತ್ತು ಹೆಬ್ಬಾಗಿಲುಗಳು ಈ ಬಗೆಯ ‘ಸಾಂಕ್ಟ’ ವಸ್ತುಗಳು. ದೇವಸ್ಥಾನದಂತೆ ದೇವರಿಗೆ ಅರ್ಪಿಸಿದವಲ್ಲ, ಆದರೂ ಒಂದು ಬಗೆಯಲ್ಲಿ ದೈವದ ಅಧೀನದವು. ಅವುಗಳಿಗೆ ಅಪಚಾರ ಎಸಗಿದವನಿಗೆ ತಲೆದಂಡ. ತಾನು ಕಟ್ಟುತ್ತಿದ್ದ ಗೋಡೆಯನ್ನು ಹಾರಿದ ತಮ್ಮ ರೀಮಸ್‌ನನ್ನು ರೋಮ್ಯುಲಸ್ ಕೊಂದನೆಂಬ ಕಥೆ ಆ ಊರಿನ ಹುಟ್ಟಿನೊಂದಿಗೇ ಅಂಟಿಕೊಂಡಿದೆ. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಾನೂನು ವಿದ್ಯಾರ್ಥಿಗಳಿಗಾಗಿ ಹೊರಡಿಸಿದ ಪಠ್ಯದಲ್ಲಿ ಈ ಗೋಡೆಗಳ ಮಾತು ಮುಗಿದ ಕೂಡಲೇ ಇನ್ನೊಂದು ವಾಕ್ಯ ಬರುತ್ತದೆ: ಕಾನೂನಿನಲ್ಲಿ, ಅದನ್ನು ಮುರಿದವರಿಗೆ ಶಿಕ್ಷೆ ಹೇಳುವ ಭಾಗವನ್ನೂ ಇದೇ ಕಾರಣಕ್ಕೆ ‘ಸಾಂಕ್ಷಿಯೊ’ ಎನ್ನುತ್ತೇವೆ.

ಇಲ್ಲಿ ನಿಂತು ನೋಡಬೇಕು. ಗೋಡೆ ಕಟ್ಟುವುದೆಂದರೆ ಒಳಗಿನ ಜಾಗಕ್ಕೆ ಮಾನ್ಯತೆ ಕೊಡುವುದು. ಇದು ಊರು, ಇಲ್ಲಿ ಬದುಕಬಹುದು, ವ್ಯಾಪಾರ ಮಾಡಬಹುದು ಎಂದು ಹೇಳುವುದು. ಅದೇ ಹೊತ್ತಿಗೆ, ಇದನ್ನು ಹಾರಿದರೆ ಸಾಯುತ್ತೀ ಎಂದೂ ಹೇಳುವುದು. ಒಪ್ಪಿಗೆಗೆ ತೂಕ ಬರುವುದು ಅದರ ಹಿಂದೆ ದಂಡನೆ ನಿಂತಿರುವುದರಿಂದ. ಆ ತೂಕವಿಲ್ಲದ ಒಪ್ಪಿಗೆ ಬರೀ ಬಾಯಿಮಾತು. ರೋಮನ್ನರ ಒಂದು ಪದ ಈ ಎರಡನ್ನೂ ಒಟ್ಟಿಗೆ ಹಿಡಿದಿತ್ತು.

ನಮಗೆ ಇದು ಹೊಸದೆಂದುಕೊಳ್ಳಬಾರದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದ್ದೆಂದು ವಿದ್ವಾಂಸರು ಹೇಳುವ ಶಾಸನವನ್ನು ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಕನ್ನಡದ ಬಹಳ ಹಳೆಯ ಬರಹಗಳಲ್ಲಿ ಅದೊಂದು. ಅದು ಹೇಳುವುದೇನು? ಯುದ್ಧದಲ್ಲಿ ಗೆದ್ದ ವಿಜಾರಸನಿಗೆ ಪಲ್ಮಡಿ, ಮೂೞುವಳ್ಳಿ ಎಂಬ ಊರುಗಳನ್ನು ‘ಬಾಳ್ಗಳ್ಚು’ ಆಗಿ, ಎಂದರೆ ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ ಕೊಟ್ಟ ಸಂಗತಿ. ಕೊಟ್ಟದ್ದನ್ನು ಹೇಳಿ ಮುಗಿಸುವ ಮೊದಲು ಕಲ್ಲು ಇನ್ನೊಂದು ಮಾತು ಹೇಳುತ್ತದೆ: ‘ಅದಾನ್ ಅೞಿವೊನ್ಗೆ ಮಹಾಪಾತಕಮ್’. ಇದನ್ನು ಹಾಳುಮಾಡಿದವನಿಗೆ ಮಹಾಪಾಪ. ಒಂದೇ ಕಲ್ಲಿನ ಮೇಲೆ ಮಂಜೂರಾತಿಯೂ ಇದೆ, ಶಾಪವೂ ಇದೆ.

ಆಮೇಲಿನ ಸಾವಿರ ವರ್ಷಗಳ ದಾನಶಾಸನಗಳಲ್ಲಿ ಈ ಕೊನೆಯ ಭಾಗ ಬೆಳೆಯುತ್ತಲೇ ಹೋಯಿತು. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂಬ ಸಂಸ್ಕೃತ ಶ್ಲೋಕ ಊರೂರಿನ ಕಲ್ಲುಗಳಲ್ಲಿದೆ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು, ಎಂದರೆ ಹಸುಗಳನ್ನು, ಕೊಂದ ಪಾಪ ತಟ್ಟಲಿ ಎಂಬ ಮಾತೂ ಇದೆ. ಅದರ ಪಕ್ಕದಲ್ಲೇ, ಈ ಧರ್ಮವನ್ನು ಕಾಪಾಡಿದವನಿಗೆ ಸಾವಿರ ಕವಿಲೆಗಳನ್ನು ದಾನ ಕೊಟ್ಟ ಪುಣ್ಯ ಎಂದೂ ಇರುತ್ತದೆ. ಇದನ್ನು ಕನ್ನಡದಲ್ಲಿ ಶಾಪಾಶಯ ಎಂದು ಕರೆಯುತ್ತೇವೆ. ಯುರೋಪಿನ ಹಳೆಯ ದತ್ತಿಪತ್ರಗಳಲ್ಲೂ ಇಂಥ ಭಾಗವಿರುತ್ತದೆ. ದತ್ತಿಯನ್ನು ಮುರಿದವನು ಯೇಸುವಿಗೆ ದ್ರೋಹ ಬಗೆದ ಜೂದಾಸನೊಂದಿಗೆ ನರಕದಲ್ಲಿ ಬೇಯಲಿ ಎಂಬ ಧಾಟಿಯದು. ಆ ಪತ್ರಗಳನ್ನು ಅಭ್ಯಾಸ ಮಾಡುವ ವಿದ್ವಾಂಸರು ಈ ಭಾಗಕ್ಕೆ ಇಟ್ಟಿರುವ ಪಾರಿಭಾಷಿಕ ಹೆಸರೇ ‘ಸ್ಯಾಂಕ್ಷನ್’. ಶಾಪಾಶಯಕ್ಕೆ ಇಂಗ್ಲಿಷ್ ಪದ ಹುಡುಕಿದರೆ ಸಿಗುವುದು ದೊಡ್ಡಪ್ಪನ ಕಡತದ ಪದವೇ ಎಂದು ತಿಳಿದ ದಿನ ನನಗೆ ಆದ ಸಂತೋಷ ಸಣ್ಣದಲ್ಲ.

ಇಂಗ್ಲಿಷಿಗೆ ಈ ಪದ ನಾಮಪದವಾಗಿ ಮೊದಲು ಬಂತು. ಯುರೋಪಿನ ಅರಸರು ಹೊರಡಿಸುತ್ತಿದ್ದ ಗಂಭೀರ ರಾಜಾಜ್ಞೆಗೂ ಆ ಹೆಸರಿತ್ತು. ಅವುಗಳಲ್ಲಿ ಹೆಸರಾದದ್ದು 1713ರದ್ದು. ಆಸ್ಟ್ರಿಯಾವನ್ನು ಆಳುತ್ತಿದ್ದ ಆರನೆಯ ಚಾರ್ಲ್ಸ್ ಚಕ್ರವರ್ತಿ, ತನಗೆ ಗಂಡುಮಕ್ಕಳಿಲ್ಲದಿದ್ದರೆ ಮಗಳೂ ತನ್ನ ನಾಡುಗಳಿಗೆ ಉತ್ತರಾಧಿಕಾರಿ ಆಗಬಹುದೆಂದು ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಹೊರಡಿಸಿದ. ಮಗಳು ಮರಿಯಾ ತೆರೇಸಾ ಹುಟ್ಟಿದ್ದೇ 1717ರಲ್ಲಿ. ನೆರೆಯ ಅರಸರಿಂದ ಅದಕ್ಕೆ ಒಪ್ಪಿಗೆ ಪಡೆಯಲು ಅವನು ವರ್ಷಗಟ್ಟಲೆ ಹೆಣಗಿದ. 1740ರಲ್ಲಿ ಅವನು ಸತ್ತ ಕೆಲವೇ ವಾರಗಳಲ್ಲಿ ಪ್ರಷ್ಯಾದ ಫ್ರೆಡರಿಕ್ ಅವಳ ಸೈಲೀಸಿಯಾ ಪ್ರಾಂತ್ಯದೊಳಗೆ ಸೈನ್ಯ ನುಗ್ಗಿಸಿದ; ಯುದ್ಧ 1748ರವರೆಗೆ ನಡೆಯಿತು. ಒಪ್ಪಿಗೆಯ ಭಾಗ ಕಾಗದದ ಮೇಲೆ ಭದ್ರವಾಗಿತ್ತು. ಅದನ್ನು ಮುರಿದವನನ್ನು ದಂಡಿಸುವ ಬಲ ಮಾತ್ರ ಇರಲಿಲ್ಲ.

ಒಪ್ಪಿಗೆ ಕೊಡು ಎಂಬ ಅರ್ಥದ ಕ್ರಿಯಾಪದವಾಗಿ ಸ್ಯಾಂಕ್ಷನ್ ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ಆ ಶತಮಾನದ ಕೊನೆಯಲ್ಲಿ, 1789ರಲ್ಲಿ, ಇಂಗ್ಲೆಂಡಿನ ದಾರ್ಶನಿಕ ಜೆರೆಮಿ ಬೆಂಥಮ್ ಈ ಪದಕ್ಕೆ ಒಂದು ವಿಸ್ತಾರವಾದ ಅರ್ಥ ಕೊಟ್ಟ. ಮನುಷ್ಯನನ್ನು ದಾರಿಯಲ್ಲಿ ಕಟ್ಟಿ ನಿಲ್ಲಿಸುವ ಸುಖದುಃಖಗಳ ಮೂಲಗಳು ನಾಲ್ಕು, ಅವೇ ನಾಲ್ಕು ಸ್ಯಾಂಕ್ಷನ್‌ಗಳು ಎಂದ. ಅವನ ಪಟ್ಟಿಯನ್ನು ಕನ್ನಡದ ಮನೆಯ ಮಾತಿಗೆ ತಂದರೆ ಹೀಗಾಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬುದು ಮೊದಲನೆಯದು, ಪ್ರಕೃತಿ ತಾನಾಗಿ ಕೊಡುವ ಫಲ. ಕೋರ್ಟು, ಪೊಲೀಸು, ಜುಲ್ಮಾನೆ ಎರಡನೆಯದು. ನಾಲ್ಕು ಜನ ಏನೆಂದಾರು ಎಂಬ ಅಳುಕು ಮೂರನೆಯದು. ಮೇಲಿರುವವನು ನೋಡುತ್ತಿದ್ದಾನೆ ಎಂಬುದು ನಾಲ್ಕನೆಯದು. ಬೆಂಥಮ್‌ನ ಲೆಕ್ಕದಲ್ಲಿ ಸ್ಯಾಂಕ್ಷನ್ ಎಂದರೆ ಬರೀ ದಂಡನೆಯಲ್ಲ, ಬಹುಮಾನವೂ ಹೌದು. ನಮ್ಮ ಶಾಸನದ ಕಲ್ಲಿನಲ್ಲಿ ಕವಿಲೆ ಕೊಂದ ಪಾಪದ ಪಕ್ಕದಲ್ಲಿ ಕವಿಲೆ ಕೊಟ್ಟ ಪುಣ್ಯ ಇದ್ದ ಹಾಗೆ. ಸಮಾಜಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಈ ಎರಡು ಬಗೆಗಳ ಮಾತು ಬರುತ್ತದೆ. ಊರು ಬೆನ್ನು ತಟ್ಟಿದರೆ ಧನಾತ್ಮಕ ಸ್ಯಾಂಕ್ಷನ್, ಊರು ಮಾತು ಬಿಟ್ಟರೆ ಋಣಾತ್ಮಕ ಸ್ಯಾಂಕ್ಷನ್.

ಬೆಂಥಮ್‌ನ ನಂತರ ಬಂದ ಕಾನೂನು ಪಂಡಿತ ಜಾನ್ ಆಸ್ಟಿನ್ ಬಹುಮಾನದ ಭಾಗವನ್ನು ಕಿತ್ತುಹಾಕಿದ. 1832ರಲ್ಲಿ ಪ್ರಕಟವಾದ ಅವನ ವಾದದ ಪ್ರಕಾರ ಕಾನೂನು ಎಂದರೆ ಒಡೆಯನ ಅಪ್ಪಣೆ, ಸ್ಯಾಂಕ್ಷನ್ ಎಂದರೆ ಆ ಅಪ್ಪಣೆ ಮೀರಿದರೆ ಬರುವ ಕೇಡು. ಕಾನೂನು ಕಾಲೇಜುಗಳಲ್ಲಿ ಈಗಲೂ ಹೇಳಿಕೊಡುವುದು ಈ ಅರ್ಥವನ್ನೇ. ದಂಡಿಸು ಎಂಬ ನೇರ ಕ್ರಿಯಾಪದವಾಗಿ ಪದ ಓಡಾಡತೊಡಗಿದ್ದು ಮಾತ್ರ ಬಹಳ ತಡವಾಗಿ, 20ನೇ ಶತಮಾನದ ಮಧ್ಯಭಾಗದಲ್ಲಿ. ಅದಕ್ಕೆ ಮೊದಲು ‘ಸ್ಯಾಂಕ್ಷನ್‌ಗಳನ್ನು ಹೇರಿದರು’ ಎನ್ನುತ್ತಿದ್ದರು. ‘ಸ್ಯಾಂಕ್ಷನ್ ಮಾಡಿದರು’ ಎನ್ನುತ್ತಿರಲಿಲ್ಲ. ಎಚ್ಚರದಿಂದ ಇಂಗ್ಲಿಷ್ ಬರೆಯುವವರು ಇಂದಿಗೂ ಹಳೆಯ ರೂಪವನ್ನೇ ಬಳಸುವುದುಂಟು, ಏಕೆಂದರೆ ಅದರಲ್ಲಿ ಗೊಂದಲವಿಲ್ಲ.

ಭಾರತದ ಕಚೇರಿಗಳ ಇಂಗ್ಲಿಷಿನಲ್ಲಿ ಒಪ್ಪಿಗೆಯ ಅರ್ಥವೇ ಭದ್ರವಾಗಿ ನೆಲೆ ನಿಂತಿದೆ. ಈ ಅರ್ಥದಲ್ಲಿ ಜನ ಎಡವುವ ಒಂದು ಜಾಗವಿದೆ. ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು. ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ. ನನ್ನ ಗೆಳೆಯರೊಬ್ಬರು ಮನೆ ಸಾಲದ ಮಂಜೂರಾತಿ ಪತ್ರ ಬಂದ ವಾರವೇ ಮೇಸ್ತ್ರಿಗೆ ಮುಂಗಡ ಕೊಟ್ಟು ಪಾಯ ತೋಡಿಸಿದರು. ಬ್ಯಾಂಕಿನವರು ನಿವೇಶನದ ದಾಖಲೆಗಳಲ್ಲಿ ಇನ್ನೊಂದು ಕೇಳಿದರು, ಅದು ಸಿಗಲು ಎರಡು ತಿಂಗಳಾಯಿತು, ಅಷ್ಟರಲ್ಲಿ ಮಳೆ ಹಿಡಿದು ಪಾಯದಲ್ಲಿ ನೀರು ನಿಂತಿತು. ಸ್ಯಾಂಕ್ಷನ್ ಎಂದರೆ ಇಂಥ ಷರತ್ತುಗಳು ಪೂರೈಸಿದರೆ ಇಷ್ಟು ಕೊಡುತ್ತೇವೆಂಬ ಒಪ್ಪಿಗೆ. ಹಣ ಬಿಡುಗಡೆ ಆಗುವುದು ಅದರ ನಂತರದ ಮೆಟ್ಟಿಲು. ಮನೆ ಕಟ್ಟುವ ಸಾಲವಾದರೆ ಸಾಮಾನ್ಯವಾಗಿ ಕೆಲಸ ಮೇಲೇಳುತ್ತಾ ಹೋದಂತೆ ಕಂತುಕಂತಾಗಿ ಬರುತ್ತದೆ. ಸರ್ಕಾರಿ ಕಾಮಗಾರಿಯಲ್ಲಿ ಮೆಟ್ಟಿಲುಗಳು ಇನ್ನೂ ಹೆಚ್ಚು. ಮೊದಲು ಆಡಳಿತಾತ್ಮಕ ಅನುಮೋದನೆ, ಆಮೇಲೆ ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರು, ಆಮೇಲೆ ಕಾರ್ಯಾದೇಶ. ಸಭೆಯಲ್ಲಿ ‘ನಿಮ್ಮೂರಿನ ಸೇತುವೆಗೆ ಹಣ ಮಂಜೂರಾಗಿದೆ’ ಎಂದಾಗ ಯಾವ ಮೆಟ್ಟಿಲು ಎಂದು ಕೇಳುವ ಹಕ್ಕು ಊರಿನವರಿಗಿದೆ. ‘ಮಂಜೂರಾದ ಹುದ್ದೆಗಳು’ ಎಂಬ ಮಾತೂ ಹೀಗೆಯೇ. ಶಾಲೆಗೆ ಹತ್ತು ಶಿಕ್ಷಕರ ಹುದ್ದೆ ಮಂಜೂರಾಗಿದ್ದು ತರಗತಿಯಲ್ಲಿ ಆರೇ ಜನ ಇರಬಹುದು.

ಇನ್ನು ಗೋಡೆಯ ಮಾತಿಗೆ ಮರಳೋಣ. ಮನೆ ಕಟ್ಟುವಾಗ ಪಾಲಿಕೆಯೋ ಪಂಚಾಯಿತಿಯೋ ನಕ್ಷೆಯನ್ನು ಮಂಜೂರು ಮಾಡುತ್ತದೆ. ಆ ಕಾಗದ ನಿಮಗೆ ಕಟ್ಟುವ ಹಕ್ಕು ಕೊಡುತ್ತದೆ. ಅದೇ ಕಾಗದದ ಗೆರೆಯಾಚೆ ಒಂದು ಅಡಿ ಚಾಚಿದರೆ ದಂಡಕ್ಕೂ ಅದೇ ಆಧಾರ. ವಿದ್ಯುತ್ ಸಂಪರ್ಕಕ್ಕೆ ಇಷ್ಟು ಕಿಲೋವಾಟ್ ಎಂದು ಮಂಜೂರಾದ ಪ್ರಮಾಣ ಇರುತ್ತದೆ; ಅಷ್ಟರವರೆಗೆ ಹಕ್ಕು, ಅದನ್ನು ಮೀರಿ ಎಳೆದರೆ ಹೆಚ್ಚುವರಿ ಶುಲ್ಕ ಬೀಳುವ ನಿಯಮಗಳಿವೆ. ಕಚೇರಿಯಲ್ಲಿ ಹತ್ತು ದಿನದ ರಜೆ ಮಂಜೂರಾಗಿ ಹದಿನೈದನೆಯ ದಿನ ಬಂದವನಿಗೆ ಏನಾಗುತ್ತದೆಂದು ದೊಡ್ಡಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ನೋಡಿದರೆ ಒಪ್ಪಿಗೆಯ ಸ್ಯಾಂಕ್ಷನ್ ಒಳಗೇ ದಂಡನೆಯ ಸ್ಯಾಂಕ್ಷನ್ ಮಡಿಚಿಟ್ಟಿರುತ್ತದೆ.

ನಮ್ಮ ಕಾನೂನಿನಲ್ಲಿ ಈ ಎರಡು ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳುವುದು ಸರ್ಕಾರಿ ನೌಕರರ ಮೇಲಿನ ಮೊಕದ್ದಮೆಗಳಲ್ಲಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ ಪ್ರಕಾರ, ಲಂಚದ ಆರೋಪ ಹೊತ್ತ ಸಾರ್ವಜನಿಕ ನೌಕರನ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸಕ್ಷಮ ಪ್ರಾಧಿಕಾರದ ‘ಸ್ಯಾಂಕ್ಷನ್’ ಮೊದಲೇ ಬೇಕು. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸದಿಂದ ಹುಟ್ಟಿದ ಬೇರೆ ಅಪರಾಧಗಳ ಆರೋಪಕ್ಕೂ ಇಂಥ ರಕ್ಷಣೆ ಇದೆ. ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಆಗಿದೆ. ಹೊಸ ಸಂಹಿತೆ ಒಂದು ಗಡುವನ್ನೂ ಇಟ್ಟಿದೆ: ಕೋರಿಕೆ ತಲುಪಿ 120 ದಿನಗಳೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಸ್ಯಾಂಕ್ಷನ್ ಸಿಕ್ಕಿದೆ ಎಂದೇ ಭಾವಿಸಬೇಕು. ಪ್ರಾಮಾಣಿಕ ಅಧಿಕಾರಿಯನ್ನು ಸೇಡಿನ ದೂರುಗಳಿಂದ ಕಾಪಾಡುವುದು ಈ ಏರ್ಪಾಡಿನ ಉದ್ದೇಶ. ಕಡತವನ್ನು ವರ್ಷಗಟ್ಟಲೆ ಮಲಗಿಸಿ ಭ್ರಷ್ಟನನ್ನು ಕಾಪಾಡಲೂ ಇದೇ ಏರ್ಪಾಡು ಬಳಕೆಯಾಗುತ್ತದೆಂಬ ದೂರು ಹಳೆಯದು, ಮತ್ತು ನನ್ನ ಮಟ್ಟಿಗೆ ನ್ಯಾಯವಾದದ್ದು. ಇಲ್ಲಿ ಸ್ಯಾಂಕ್ಷನ್ ಎಂದರೆ ಒಪ್ಪಿಗೆಯೇ. ಆದರೆ ದಂಡನೆಯ ಬಾಗಿಲು ತೆರೆಯಲು ಕೊಡುವ ಒಪ್ಪಿಗೆ. ಹಾಗಾಗಿ ‘ಅಧಿಕಾರಿಯ ವಿರುದ್ಧ ಸ್ಯಾಂಕ್ಷನ್’ ಎಂದು ಓದಿದಾಗ ಅವರಿಗೆ ಶಿಕ್ಷೆಯಾಯಿತೆಂದು ತಿಳಿಯಬಾರದು.

ಇದೇ ಕಾಯ್ದೆಗೆ 2018ರಲ್ಲಿ 17ಎ ಎಂಬ ಕಲಂ ಸೇರಿತು. ತನಿಖೆ ಶುರುಮಾಡುವುದಕ್ಕೂ ಮೊದಲೇ ‘ಅಪ್ರೂವಲ್’ ಬೇಕೆಂದು ಅದು ಹೇಳುತ್ತದೆ. ತನಿಖೆಗೆ ಅಪ್ರೂವಲ್, ವಿಚಾರಣೆಗೆ ಸ್ಯಾಂಕ್ಷನ್. ಕಾನೂನು ಎರಡು ಪದಗಳನ್ನು ಬೇಕೆಂದೇ ಬೇರೆಬೇರೆ ಇಟ್ಟಿದೆ. ಕನ್ನಡ ಸುದ್ದಿಯಲ್ಲಿ ಎರಡೂ ‘ಅನುಮತಿ’ ಆಗಿಬಿಡುತ್ತವೆ. 2024ರ ಆಗಸ್ಟ್‌ನಲ್ಲಿ ಕರ್ನಾಟಕದ ರಾಜ್ಯಪಾಲರು ಮುಖ್ಯಮಂತ್ರಿಗಳ ವಿಷಯದಲ್ಲಿ ಹೊರಡಿಸಿದ ಆದೇಶದಲ್ಲಿ 17ಎ ಮತ್ತು ಹೊಸ ಸಂಹಿತೆಯ 218, ಎರಡೂ ಕಲಂಗಳ ಹೆಸರಿತ್ತು. ಆ ಸೆಪ್ಟೆಂಬರ್ 24ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯುವಾಗ, ಅದನ್ನು 17ಎ ಅಡಿಯ ಅನುಮೋದನೆ ಎಂದಷ್ಟೇ ಓದಬೇಕು, 218ರ ಅಡಿಯ ಸ್ಯಾಂಕ್ಷನ್ ಎಂದಲ್ಲ ಎಂದು ಸ್ಪಷ್ಟಪಡಿಸಿತು. ಒಂದು ಪದದ ವ್ಯತ್ಯಾಸದ ಮೇಲೆ ಇಡೀ ರಾಜ್ಯದ ಚರ್ಚೆ ನಿಂತಿತ್ತು. ಆ ದಿನಗಳಲ್ಲಿ ‘ಪ್ರಾಸಿಕ್ಯೂಷನ್‌ಗೆ ಅನುಮತಿ’ ಎಂದು ಓದಿದ ಎಷ್ಟೋ ಜನರಿಗೆ ಈ ವ್ಯತ್ಯಾಸ ಮುಟ್ಟಲೇ ಇಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ದೇಶಗಳ ನಡುವಿನ ಸ್ಯಾಂಕ್ಷನ್‌ಗೆ ಬಂದರೆ, ಪದ ಜನರ ಬಾಯಿಗೆ ಬಂದದ್ದು ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಕಾಲದಲ್ಲಿ. 1935ರ ಅಕ್ಟೋಬರ್‌ನಲ್ಲಿ ಮುಸೊಲಿನಿಯ ಇಟಲಿ ಅಬಿಸೀನಿಯದ ಮೇಲೆ, ಈಗಿನ ಇಥಿಯೋಪಿಯದ ಮೇಲೆ, ದಾಳಿ ಮಾಡಿತು. ನವೆಂಬರ್ 18ರಿಂದ ಇಟಲಿಯ ಮೇಲೆ ಆರ್ಥಿಕ ನಿರ್ಬಂಧಗಳು ಜಾರಿಗೆ ಬಂದವು. ಯುದ್ಧಯಂತ್ರ ಓಡಲು ಬೇಕಾದ ತೈಲವನ್ನು ಮಾತ್ರ ಆ ಪಟ್ಟಿಗೆ ಸೇರಿಸಲಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ಆಡಿಸ್ ಅಬಾಬಾ ಬಿತ್ತು, ಜುಲೈನಲ್ಲಿ ನಿರ್ಬಂಧಗಳನ್ನು ತೆಗೆದರು. ಕುತೂಹಲದ ಸಂಗತಿಯೆಂದರೆ, ರಾಷ್ಟ್ರಸಂಘದ ಒಡಂಬಡಿಕೆಯ 16ನೇ ವಿಧಿಯಲ್ಲಿ ‘ಸ್ಯಾಂಕ್ಷನ್’ ಎಂಬ ಪದವೇ ಇಲ್ಲ. ವಿಶ್ವಸಂಸ್ಥೆಯ ಸನ್ನದಿನಲ್ಲೂ ಇಲ್ಲ. ಅದರ 41ನೇ ವಿಧಿ ‘ಸಶಸ್ತ್ರ ಬಲ ಬಳಸದ ಕ್ರಮಗಳು’ ಎನ್ನುತ್ತದೆ. ಮುರಿದವನಿಗೆ ಶಿಕ್ಷೆ ಹೇಳುವ ಆ ಭಾಗವನ್ನು ಜನ ಹಳೆಯ ಹೆಸರಿನಿಂದ ಕರೆದರು, ಹೆಸರು ನಿಂತಿತು. ಇದು ರೋಮನ್ನರ ‘ಸಾಂಕ್ಷಿಯೊ’ವೇ.

ಕರ್ನಾಟಕ ಈ ಅರ್ಥವನ್ನು ಕಲಿತದ್ದು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ. ಇಸ್ರೊ 1991ರಲ್ಲಿ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಕ್ರಯೋಜೆನಿಕ್ ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕಾಗಿ ಒಪ್ಪಂದ ಮಾಡಿಕೊಂಡಿತ್ತು. ಕ್ಷಿಪಣಿ ತಂತ್ರಜ್ಞಾನ ಹರಡುವುದನ್ನು ತಡೆಯುವ ನಿಯಮಗಳ ಹೆಸರಿನಲ್ಲಿ ಅಮೆರಿಕ 1992ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷದ ನಿರ್ಬಂಧ ಹೇರಿತು. ರಷ್ಯಾ ಎಂಜಿನ್‌ಗಳನ್ನು ಕೊಟ್ಟಿತು, ತಂತ್ರಜ್ಞಾನ ಕೊಡಲಿಲ್ಲ. ಭಾರತ ತನ್ನದೇ ಕ್ರಯೋಜೆನಿಕ್ ಎಂಜಿನ್ನಿನ ರಾಕೆಟ್ಟನ್ನು ಯಶಸ್ವಿಯಾಗಿ ಹಾರಿಸಿದ್ದು 2014ರ ಜನವರಿ 5ರಂದು. 1998ರ ಮೇ 11 ಮತ್ತು 13ರ ಪೋಖ್ರಾನ್ ಅಣುಪರೀಕ್ಷೆಗಳ ನಂತರ ಇನ್ನೊಂದು ಸುತ್ತು ಬಂತು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಮೆರಿಕದ ಕಂಪನಿಯಿಂದ ಸಿಗುತ್ತಿದ್ದ ನೆರವು ನಿಂತುಹೋಯಿತು. ಉಳಿದ ಕೆಲಸವನ್ನು ನಮ್ಮವರೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನ ಆಕಾಶಕ್ಕೆ ಏರಿತು. ಅದಕ್ಕೆ ತೇಜಸ್ ಎಂಬ ಹೆಸರು ಆಮೇಲೆ ಬಂತು. ಆ ಪ್ರಯೋಗಾಲಯಗಳ ಒಂದೇ ಮೇಜಿನ ಮೇಲೆ ಎರಡು ಬಗೆಯ ಸ್ಯಾಂಕ್ಷನ್ ಕಾಗದಗಳು ಇದ್ದಿರಲೇಬೇಕು: ಉಪಕರಣ ಕೊಳ್ಳಲು ದೆಹಲಿ ಕೊಟ್ಟದ್ದು ಒಂದು, ಅದೇ ಉಪಕರಣ ಬಾರದಂತೆ ವಾಷಿಂಗ್ಟನ್ ಹೇರಿದ್ದು ಇನ್ನೊಂದು.

ಹಾಗಾದರೆ ಇಂಗ್ಲಿಷ್ ವಾಕ್ಯವೊಂದು ಎದುರಾದಾಗ ಯಾವ ಅರ್ಥವೆಂದು ಗುರುತಿಸುವುದು ಹೇಗೆ? ಕ್ರಿಯಾಪದದ ಕರ್ಮವನ್ನು ನೋಡಿ. ಸ್ಯಾಂಕ್ಷನ್ ಆದದ್ದು ಹಣ, ರಜೆ, ಯೋಜನೆ, ನಕ್ಷೆ, ಕೆಲಸ ಆಗಿದ್ದರೆ ಒಪ್ಪಿಗೆ. ಸ್ಯಾಂಕ್ಷನ್ ಆದದ್ದು ವ್ಯಕ್ತಿ, ಕಂಪನಿ, ಬ್ಯಾಂಕು, ಹಡಗು, ದೇಶ ಆಗಿದ್ದರೆ ದಂಡನೆ. ನಾಮಪದವಾಗಿ ಬಹುವಚನದಲ್ಲಿ ‘ಸ್ಯಾಂಕ್ಷನ್ಸ್’ ಎಂದಿದ್ದರೆ ಹೆಚ್ಚುಕಡಿಮೆ ಯಾವಾಗಲೂ ನಿರ್ಬಂಧವೇ. ‘ರಾಷ್ಟ್ರಪತಿಗಳ ಪೂರ್ವ ಸ್ಯಾಂಕ್ಷನ್’ ಎಂದು ನಮ್ಮ ಸಂವಿಧಾನದ 304ನೇ ವಿಧಿಯಲ್ಲಿ ಇರುವಂತೆ ಏಕವಚನದಲ್ಲಿದ್ದರೆ ಸಾಮಾನ್ಯವಾಗಿ ಒಪ್ಪಿಗೆ. ‘ಅನ್‌ಸ್ಯಾಂಕ್ಷನ್ಡ್’ ಎಂದರೆ ಒಪ್ಪಿಗೆ ಇಲ್ಲದ್ದು, ಅದರಲ್ಲಿ ಅನುಮಾನವಿಲ್ಲ. ಕಷ್ಟವಾಗುವುದು ಅದು ವಿಶೇಷಣವಾದಾಗ. ‘ಯು.ಎನ್. ಸ್ಯಾಂಕ್ಷನ್ಡ್’ ಎಂಬುದರ ಮುಂದೆ ಶಾಂತಿಪಡೆ ಎಂದಿದ್ದರೆ ವಿಶ್ವಸಂಸ್ಥೆ ಒಪ್ಪಿದ ಪಡೆ. ಬ್ಯಾಂಕು ಎಂದಿದ್ದರೆ ವಿಶ್ವಸಂಸ್ಥೆ ಕಟ್ಟಿಹಾಕಿದ ಬ್ಯಾಂಕು. ‘ಸ್ಟೇಟ್ ಸ್ಯಾಂಕ್ಷನ್ಡ್’ ಹಿಂಸೆ ಎಂದರೆ ಸರ್ಕಾರ ದಂಡಿಸಿದ ಹಿಂಸೆಯಲ್ಲ, ಸರ್ಕಾರವೇ ಸಮ್ಮತಿಸಿದ ಹಿಂಸೆ. ಇದನ್ನು ತಲೆಕೆಳಗಾಗಿ ಅನುವಾದಿಸಿದರೆ ಹೊಣೆ ಹೊರಬೇಕಾದವರು ನಿರಪರಾಧಿಗಳಾಗಿಬಿಡುತ್ತಾರೆ.

ಯಾರು ಸ್ಯಾಂಕ್ಷನ್ ಮಾಡಬಹುದು ಎಂಬುದೂ ಮುಖ್ಯ. ಇದು ಅಧಿಕಾರವಿರುವವರ ಕ್ರಿಯಾಪದ. ಅಮ್ಮ ಜಾತ್ರೆಗೆ ಹೋಗಲು ಬಿಟ್ಟರೆ ಇಂಗ್ಲಿಷಿನಲ್ಲಿ ಅದು ಸ್ಯಾಂಕ್ಷನ್ ಆಗುವುದಿಲ್ಲ, ‘ಅಲೋ’ ಅಷ್ಟೆ. ಮುಖ್ಯೋಪಾಧ್ಯಾಯರು ಸಹಿ ಹಾಕಿ ಪ್ರವಾಸಕ್ಕೆ ಒಪ್ಪಿದರೆ ಸ್ಯಾಂಕ್ಷನ್. ಗಂಭೀರವಲ್ಲದ ಸಂದರ್ಭದಲ್ಲಿ ಬಳಸಿದರೆ ಪದ ಭಾರವಾಗಿ ಕಾಣುತ್ತದೆ.

ಕನ್ನಡಕ್ಕೆ ತರುವಾಗ ನಮ್ಮಲ್ಲಿ ಪದಗಳ ಬಡತನವಿಲ್ಲ. ಹಣ, ರಜೆ, ಹುದ್ದೆಗೆ ‘ಮಂಜೂರು’. ಯೋಜನೆಗೆ ‘ಅನುಮೋದನೆ’. ಮೊಕದ್ದಮೆಗೆ ‘ಅಭಿಯೋಜನಾ ಮಂಜೂರಾತಿ’ ಎಂದು ಕಡತಗಳಲ್ಲಿ ಬರೆಯುವುದುಂಟು, ಅದೇ ಸ್ಪಷ್ಟ. ದೇಶಗಳ ಮೇಲಿನದಕ್ಕೆ ‘ನಿರ್ಬಂಧ’ ನಿಂತಿದೆ. ಕೆಲವರು ‘ದಿಗ್ಬಂಧನ’ ಎನ್ನುತ್ತಾರೆ. ಸುತ್ತಲೂ ದಾರಿ ಮುಚ್ಚುವುದಕ್ಕೆ ಅದು ಸರಿ, ನಾಲ್ಕು ಅಧಿಕಾರಿಗಳ ಬ್ಯಾಂಕ್ ಖಾತೆ ತಡೆಹಿಡಿದದ್ದಕ್ಕೆ ಅದು ಅತಿಯಾಯಿತು. ನಾಲ್ಕಾರು ಪದಗಳಿರುವುದು ನಮ್ಮ ಲಾಭವೆಂದೇ ನನ್ನ ಎಣಿಕೆ. ಇಂಗ್ಲಿಷ್ ಓದುಗ ಸಂದರ್ಭದಿಂದ ಊಹಿಸಬೇಕಾದದ್ದನ್ನು ಕನ್ನಡ ಓದುಗನಿಗೆ ಪದವೇ ಹೇಳಿಬಿಡುತ್ತದೆ. ಸ್ಯಾಂಕ್ಷನ್ ಎಂದು ಹಾಗೆಯೇ ಬರೆದಾಗ ಆ ಲಾಭ ಕೈಬಿಡುತ್ತದೆ.

ಅಂದು ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆನೆಂದಲ್ಲ; ಗೋಡೆಯ ಕಥೆ, ಹಲ್ಮಿಡಿಯ ಸಾಲು ಹೇಳಿದೆ. ‘ಮಂಜೂರು’ ಅರಬ್ಬಿಯಿಂದ ಬಂದ ಪದವೆಂದೂ, ‘ನಜರು’ ಇರುವ ಧಾತುವೇ ಅದರದ್ದೆಂದೂ, ಅದರ ಮೂಲಾರ್ಥ ‘ನೋಡಲ್ಪಟ್ಟದ್ದು’ ಎಂದೂ ಹೇಳಿದೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸುತ್ತಾ, “ನಮ್ಮ ಕಚೇರಿಯಲ್ಲಿ ನೋಡಿದ್ದು ಬೇರೆ, ಮಂಜೂರು ಮಾಡಿದ್ದು ಬೇರೆ. ಸಾಹೇಬರು ನೋಡಿದ್ದೇನೆ ಎಂದು ಬರೆದ ಕಡತಕ್ಕೆ ಒಂದು ಪೈಸೆ ಬರುತ್ತಿರಲಿಲ್ಲ” ಎಂದರು. ಮತ್ತೆ ಕನ್ನಡಕ ಹಾಕಿಕೊಂಡು ಪರದೆಯ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದರು: “ರಷ್ಯಾದ ಬ್ಯಾಂಕುಗಳ ಮೇಲೆ ಅಮೆರಿಕದ ನಿರ್ಬಂಧ.”